ಕಾರ್ಯಕ್ಷಮ ಗಂಟು

ಸನ್ ೧೯೩೪ನೆಯ ಇಸವಿ ಜುಲೈ ಒಂದನೆಯ ತಾರೀಖಿಗೆ ಧಾರವಾಡದ ಹಳೇ ದಫ್ತರ ಕಚೇರಿಯ ಹದಿನಾರೂ ಜನ ನೌಕರರು ಕಾರ್ಯಕ್ಷಮತೆ ಇಲ್ಲದವರೆಂದು ಸರಕಾರಕ್ಕೆ ತಿಳಿದುಬಂದಿತು. ಅಲ್ಲಿಯವರೆಗೆ ಈ ಸಂಗತಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಯಲ್ಲಿ ಹೀಗಿತ್ತು: ‘ಪ್ರತಿಯೊಬ್ಬ ನೌಕರನೂ ಮೂರು ತಿಂಗಳೊಳಗಾಗಿ ತನ್ನಲ್ಲಿ ವೈಯಕ್ತಿಕ ಕಾರ್ಯಕ್ಷಮತೆಯನ್ನು ಬೆಳೆಸಿಕೊಳ್ಳತಕ್ಕದ್ದು. ಎಷ್ಟು ಬೆಳೆಯಿತೆಂಬುದನ್ನು ಕೋಷ್ಟಕದಲ್ಲಿ ತುಂಬಿ ಕಳಿಸತಕ್ಕದ್ದು. ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ತಪಾಸಣೆ ಆಗುವುದು.’

ನಮ್ಮ ಅಧಿಕಾರಿಗಳಾದ ತ್ರ್ಯಂಬಕರಾವ ರಾವಸಾಹೇಬರು ಸುತ್ತೋಲೆಯನ್ನು ಮೂರು ಸಲ ಓದಿ, ಕಾರ್ಯಕ್ಷಮತೆಯನ್ನು ಕಲಿಸಬಲ್ಲವರು ಬೇಕೆಂದು ಕಚೇರಿಯ ಒಳಗೋಡೆಗೆ ಜಾಹೀರಾತು ಅಂಟಿಸಿದರು. ಅರ್ಜಿ ಒಂದೇ ಬಂತು, ಹೀಗಾಗಿ ಆಯ್ಕೆಗೆ ವೇಳೆ ಹಿಡಿಯಲಿಲ್ಲ. ಆಯ್ಕೆಯಾದ ಏಕನಾಥರಾವನು ನಮ್ಮ ರಾವಸಾಹೇಬರ ಅಕ್ಕನ ಮಗ ಎಂಬುದು ಆಮೇಲೆ ತಿಳಿಯಿತು, ಅಂದರೆ ನಮಗೆ ಮೊದಲೇ ಗೊತ್ತಿದ್ದದ್ದು ರಾವಸಾಹೇಬರಿಗೆ ಆಮೇಲೆ ತಿಳಿಯಿತು. ಏಕನಾಥರಾವ ಅದುವರೆಗೆ ಹುಬ್ಬಳ್ಳಿಯಲ್ಲಿ ಹೊಲಿಗೆ ಯಂತ್ರದ ಏಜೆಂಟನಾಗಿದ್ದವನು. ವಿಲಾಯತಿಯಿಂದ ಅಂಚೆಯ ಮೂಲಕ ಕಾರ್ಯಕ್ಷಮತೆಯ ಹನ್ನೆರಡು ಪಾಠಗಳನ್ನು ತರಿಸುತ್ತಿದ್ದ. ಎಂಟು ಬಂದಿದ್ದವು. ಉಳಿದ ನಾಲ್ಕು ಹಡಗಿನಲ್ಲಿದ್ದವು.

ವರ್ಗವು ದಿನಾಲು ಹನ್ನೊಂದರಿಂದ ಎರಡರವರೆಗೆ ನಡೆಯಿತು. ಬಾಗಿಲಿಗೆ ಒಂದು ಹಲಗೆ ತೂಗುಹಾಕಲಾಯಿತು: ‘ಜನರ ಕೆಲಸವನ್ನು ಲಗುಬಗೆಯಿಂದ ಮಾಡುವುದು ಹೇಗೆಂಬುದನ್ನು ಕಲಿಯುತ್ತಿರುವುದರಿಂದ ಕಚೇರಿ ಮುಚ್ಚಿದೆ.’ ಮೊದಲನೆಯ ಪಾಠ ವೇಳಾಪುಸ್ತಕದ್ದು. ಕಾಲು ಗಂಟೆಗೊಮ್ಮೆ ಏನು ಮಾಡಿದೆವೆಂದು ಬರೆಯಬೇಕು. ನಾನು ಹನ್ನೊಂದೂ ಕಾಲರಿಂದ ಹನ್ನೊಂದೂವರೆಯವರೆಗೆ, ಹನ್ನೊಂದರಿಂದ ಹನ್ನೊಂದೂ ಕಾಲರವರೆಗೆ ಏನು ಮಾಡಿದೆನೆಂಬುದನ್ನು ಬರೆದೆ, ಪೂರ್ಣ ಅಂಕ ಬಂದವು. ಎರಡನೆಯದು ಉತ್ಸಾಹದ ಪಾಠ. ಕನ್ನಡಿಯ ಮುಂದೆ ನಿಂತು ‘ನಾನು ನಿನ್ನೆಗಿಂತ ಇಂದು ಚುರುಕಾಗಿದ್ದೇನೆ’ ಎಂದು ಹತ್ತು ಸಲ ಅನ್ನಬೇಕು. ಕಚೇರಿಗೆ ಕನ್ನಡಿ ಮಂಜೂರಾಗಿರಲಿಲ್ಲವಾದ್ದರಿಂದ ಎದುರು ಬದುರು ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಂದೆವು. ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ಕೂತವರು ಒಬ್ಬರ ಮುಖವನ್ನೊಬ್ಬರು ಅಷ್ಟು ಸನಿಹದಿಂದ ನೋಡಬಾರದು ಎಂಬುದು ನನ್ನ ಅಭಿಪ್ರಾಯ.

ನಾನೆಂದರೆ ನಕಲು ಕಾರಕೂನ ಗಿರಿಯಪ್ಪ. ಹಳೆಯ ಕಾಗದದ ನಕಲು ಬೇಕಾದವರು ಅರ್ಜಿ ಕೊಟ್ಟರೆ ದಫ್ತರಿ ಕಮರುದ್ದೀನ ಆ ಕಾಗದವನ್ನು ಹುಡುಕಿ ತರುತ್ತಾನೆ, ನಾನು ನೋಡಿ ಬರೆಯುತ್ತೇನೆ, ರಾವಸಾಹೇಬರು ಸಿಕ್ಕಾ ಒತ್ತುತ್ತಾರೆ. ನಮ್ಮ ಕಚೇರಿ ಮಾಡುವ ಕೆಲಸ ಇದಿಷ್ಟೇ.

ಕಮರುದ್ದೀನನ ವಿಷಯ ಸ್ವಲ್ಪ ಹೇಳಬೇಕು. ಕಚೇರಿಯಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ದಫ್ತರಗಳಿದ್ದವು. ಅವುಗಳ ಮೇಲಿನ ಚೀಟಿಗಳನ್ನು ಹುಳಗಳು ತಿಂದು ಹತ್ತೊಂಬತ್ತು ವರ್ಷವಾಗಿತ್ತು. ಹೊಸ ಚೀಟಿ ಬೇಕೆಂದು ಆಗಲೇ ಬರೆದ ಪತ್ರ ಮೇಲಿನ ಕಚೇರಿಯ ಪರಿಶೀಲನೆಯಲ್ಲಿತ್ತು. ಚೀಟಿ ಇಲ್ಲವೆಂದು ಯಾರಿಗೂ ತೊಂದರೆಯಾಗಿರಲಿಲ್ಲ, ಯಾಕೆಂದರೆ ಕಮರುದ್ದೀನ ಗಂಟು ನೋಡಿ ಗುರುತು ಹಿಡಿಯುತ್ತಿದ್ದ. ಒಂದೊಂದು ಊರಿಗೆ ಒಂದೊಂದು ಗಂಟು. ಶಿರಗುಪ್ಪಿಯದಕ್ಕೆ ಒಂದು ಕಿವಿ, ಬಾಲ ಬಲಕ್ಕೆ ಇಳಿಬಿದ್ದಿರುತ್ತದೆ. ಮುಗದದ್ದಕ್ಕೆ ಎರಡು ಕಿವಿ, ಬಾಲ ಒಳಗೆ ಸಿಕ್ಕಿಸಿರುತ್ತದೆ. ಅವನಿಗಿಂತ ಮೊದಲು ಅಲ್ಲಿ ದಫ್ತರಿಯಾಗಿದ್ದ ಅವನ ತಂದೆ ಅಹಮದಸಾಬ ಇದನ್ನು ಕಲಿಸಿದ್ದ. ಗಂಟು ಮುಟ್ಟಿ ನೋಡಿ, ಇದನ್ನು ಕಟ್ಟಿದ್ದು ಯಾವ ಕಾರಕೂನನ ಕೈ ಎಂದೂ ಕಮರುದ್ದೀನ ಹೇಳುತ್ತಿದ್ದ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಒಳಗೆ ಹೋದರೆ ಬಾಯಿ ಕೆಂಪಾಗುವುದರೊಳಗೆ ಕಾಗದ ಹಿಡಿದು ಬರುತ್ತಿದ್ದ. ಈ ಪದ್ಧತಿ ಯಾವ ನಿಯಮದಲ್ಲೂ ಇರಲಿಲ್ಲ.

ಆಗಸ್ಟ್ ಮೊದಲ ವಾರದಲ್ಲಿ ಮುಗದದಿಂದ ಇಮಾಮಬಿ ಎಂಬ ವಿಧವೆ ನಡೆದುಕೊಂಡು ಬಂದಳು. ಊರಲ್ಲಿ ಕೌದಿ ಹೊಲಿದು ಬದುಕುವವಳು. ಅತ್ತೆ ಚಾಂದಬಿ ಸಾಯುವ ಮುಂಚೆ ತನಗಿದ್ದ ಒಂದೇ ಮನೆಯನ್ನು ಇವಳ ಹೆಸರಿಗೆ ಬಕ್ಷೀಸಪತ್ರ ಬರೆದುಕೊಟ್ಟಿದ್ದಳು. ಮನೆಯಲ್ಲಿದ್ದ ಆ ಕಾಗದ ಗೆದ್ದಲಿಗೆ ಹೋಗಿತ್ತು. ಅದು ಹೋಯಿತೆಂದು ತಿಳಿದ ಮರುವಾರವೇ ಮೈದುನ ಗೌಸಮೊದ್ದೀನ ಮನೆ ತನ್ನದೆಂದು ದಾವೆ ಹೂಡಿದ್ದ. ಇಪ್ಪತ್ತನೆಯ ತಾರೀಖಿನೊಳಗೆ ನಮ್ಮಿಂದ ನಕಲು ಒಯ್ದರೆ ಮನೆ ಇಮಾಮಬಿಯದು, ಇಲ್ಲದಿದ್ದರೆ ಗೌಸಮೊದ್ದೀನನದು. ವಕೀಲರು ಇದನ್ನು ಆಕೆಗೆ ತಿಳಿಯುವಂತೆ ಹೇಳಿದ್ದರು. ಆಕೆ ನಮಗೂ ತಿಳಿಯುವಂತೆಯೇ ಹೇಳಿದಳು. ತಿಳಿಯಲಿಲ್ಲ ಎಂದು ಈಗ ಅನ್ನಲಾರೆ.

ಗುರುವಾರ ಕಮರುದ್ದೀನ ಮುಗದದ ದಫ್ತರದಲ್ಲಿದ್ದ ಆ ಬಕ್ಷೀಸಪತ್ರದ ಕಚೇರಿ ಪ್ರತಿಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. ಬರೆಯಲು ಅರ್ಧ ಗಂಟೆ ಸಾಕಾಗಿತ್ತು. ಆದರೆ ನಾನು ಆಗ ಆ ವಾರದ ವೇಳಾಪುಸ್ತಕದ ಗೋಷ್ವಾರೆ, ಅಂದರೆ ಒಟ್ಟು ಲೆಕ್ಕದ ಪಟ್ಟಿ, ತಯಾರಿಸುತ್ತಿದ್ದೆ. ಸಂಜೆಯಾಯಿತು. ನಾಲ್ಕನೆಯ ಪಾಠದ ಪ್ರಕಾರ ಕಾರ್ಯಕ್ಷಮ ನೌಕರನ ಮೇಜಿನ ಮೇಲೆ ಐದು ಗಂಟೆಯ ನಂತರ ಒಂದು ಕಾಗದವೂ ಇರಕೂಡದು. ಕಾಗದವನ್ನು ಕಮರುದ್ದೀನನಿಗೆ ತಿರುಗಿ ಕೊಟ್ಟೆ. ಸೋಮವಾರ ಬಾ ಎಂದು ಇಮಾಮಬಿಗೆ ಹೇಳಿಸಿದೆ. ನನ್ನ ಮೇಜು ಆ ದಿನ ಬಹಳ ಸ್ವಚ್ಛವಾಗಿತ್ತು.

ಶುಕ್ರವಾರ ಐದನೆಯ ಪಾಠದ ಸರದಿ ಬಂತು, ಏಕರೂಪತೆಯದು. ಏಕನಾಥರಾವ ಕೈಯಲ್ಲಿ ಗಡಿಯಾರ ಹಿಡಿದು ದಫ್ತರದ ಕೋಣೆಗೆ ಹೋಗಿ ಗಂಟುಗಳನ್ನು ಬಿಚ್ಚಿಸಿ ನೋಡಿದ. ಒಂದಕ್ಕೆ ಹನ್ನೊಂದು ಸೆಕೆಂಡು ಹಿಡಿದರೆ ಇನ್ನೊಂದಕ್ಕೆ ನಲವತ್ತು ಹಿಡಿಯಿತು. ಅವನಿಗೆ ಎದೆ ಒಡೆದಷ್ಟು ದುಃಖವಾಯಿತು. ಹತ್ತೊಂಬತ್ತು ವರ್ಷಗಳಲ್ಲಿ ಸರಕಾರದ ಎಷ್ಟು ಸೆಕೆಂಡುಗಳು ಗಂಟಿನಲ್ಲಿ ಹಾಳಾದವೆಂದು ಲೆಕ್ಕ ಹಾಕಿ ಹಲಗೆಯ ಮೇಲೆ ಬರೆದ. ಇನ್ನು ಮೇಲೆ ಎಲ್ಲ ದಫ್ತರಗಳಿಗೂ ಒಂದೇ ಗಂಟು, ಅದರ ಹೆಸರು ಕಾರ್ಯಕ್ಷಮ ಗಂಟು ಎಂದು ಹುಕುಂ ಆಯಿತು.

ಆಗ ಕಮರುದ್ದೀನ ಎದ್ದು ನಿಂತ. ವರ್ಗದಲ್ಲಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

“ಗಂಟು ಹೋದ್ರ ಊರು ಹೋಗತಾವ್ರಿ ಸಾಹೇಬ್ರ,” ಎಂದ.

“ಊರು ಎಲ್ಲಿ ಹೋಗ್ತಾವ, ಕಮರುದ್ದೀನ? ಇದ್ದಲ್ಲೇ ಇರ್ತಾವ,” ಎಂದ ಏಕನಾಥರಾವ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಮರುದ್ದೀನನ ಹೆಸರಿನ ಮುಂದೆ ‘ಪ್ರತಿಕೂಲ ಮನೋಭಾವ’ ಎಂದು ಬರೆದು ನಾಲ್ಕು ಅಂಕ ಕಳೆಯಲಾಯಿತು.

ಶನಿವಾರ, ರವಿವಾರ ಎರಡೇ ದಿನದಲ್ಲಿ ಹದಿನಾರು ಜನರು ನಾಲ್ಕು ಸಾವಿರದ ಮುನ್ನೂರ ಹನ್ನೆರಡು ದಫ್ತರಗಳನ್ನು ಪಡಸಾಲೆಗೆ ತಂದು, ಬಿಚ್ಚಿ, ಒಂದೇ ಗಂಟು ಹಾಕಿ, ನೋಡಲು ಅಂದವಾಗಿರಲೆಂದು ದಪ್ಪನೆಯವು ಕೆಳಗೆ ತೆಳ್ಳನೆಯವು ಮೇಲೆ ಜೋಡಿಸಿದೆವು. ನಮ್ಮ ಕಚೇರಿ ಅಷ್ಟು ಕೆಲಸ ಅಷ್ಟು ಬೇಗ ಎಂದೂ ಮಾಡಿರಲಿಲ್ಲ. ರಾವಸಾಹೇಬರು ಎಲ್ಲರಿಗೂ ಪೇಢೆ ಹಂಚಿದರು. ಕಮರುದ್ದೀನ ಪೇಢೆ ತೆಗೆದುಕೊಂಡು ಕಿಸೆಯಲ್ಲಿ ಇಟ್ಟುಕೊಂಡ, ತಿನ್ನಲಿಲ್ಲ.

ಸೋಮವಾರ ಇಪ್ಪತ್ತಮೂರು ಅರ್ಜಿಗಳಿದ್ದವು. ಒಂದು ಕಾಗದವೂ ಸಿಗಲಿಲ್ಲ. ಮಂಗಳವಾರವೂ ಸಿಗಲಿಲ್ಲ. ರಾವಸಾಹೇಬರು ಸಭೆ ಕರೆದು, ಕಾಗದ ಹುಡುಕುವುದರ ಬಗ್ಗೆ ಪಾಠಗಳಲ್ಲಿ ಏನಿದೆ ಎಂದು ಅಳುಕುತ್ತ ಕೇಳಿದರು. ಹುಡುಕುವುದು ಒಂಬತ್ತನೆಯ ಪಾಠ, ಅದು ಹಡಗಿನಲ್ಲಿದೆ ಎಂದು ಏಕನಾಥರಾವ ತಿಳಿಸಿದ. ಆದರೆ ಎಂಟನೆಯದು ಕೈಯಲ್ಲೇ ಇತ್ತು, ಅದು ವಿಲೇವಾರಿಯ ಪಾಠ. ಕಾಗದ ಕೊಡುವುದು ಬೇರೆ, ಅರ್ಜಿ ವಿಲೇವಾರಿ ಮಾಡುವುದು ಬೇರೆ ಎಂದು ಅವನು ಬಿಡಿಸಿ ಹೇಳಿದ ಮೇಲೆ ನಮ್ಮ ಎದೆ ಹಗುರಾಯಿತು. ಮರುದಿನವೇ ಹುಬ್ಬಳ್ಳಿಯ ಛಾಪಖಾನೆಯಿಂದ ಐದು ಸಾವಿರ ಚೀಟಿಗಳು ಅಚ್ಚಾಗಿ ಬಂದವು. ಪ್ರತಿಯೊಂದರ ಮೇಲೆಯೂ ‘ಸಿಗಲಿಲ್ಲ’ ಎಂದಿತ್ತು. ಹತ್ತೊಂಬತ್ತು ವರ್ಷ ಚೀಟಿಗಾಗಿ ಕಾದವರಿಗೆ ಕೊನೆಗೂ ಚೀಟಿ ಸಿಕ್ಕವು.

ಜೊತೆಗೆ ನಿಯಮಗಳೂ ಆದವು. ಅರ್ಜಿ ಬಂದ ಐದು ಮಿನಿಟಿನೊಳಗೆ ಚೀಟಿ ಕೊಡತಕ್ಕದ್ದು. ಚೀಟಿ ಕೊಟ್ಟ ಬಳಿಕ ಕಾಗದ ಸಿಕ್ಕರೆ ಚೀಟಿ ಸುಳ್ಳಾಗುವುದರಿಂದ, ಸಿಗಕೂಡದು. ಸಿಕ್ಕಲ್ಲಿ ಇಡೀ ಕಚೇರಿಯ ಹತ್ತು ಅಂಕ ಕಳೆಯಲಾಗುವುದು. ಮೊದಲು ಒಂದು ಅರ್ಜಿಗೆ ಎಂಟು ದಿನ ಹಿಡಿಯುತ್ತಿತ್ತು, ಈಗ ನಾಲ್ಕು ಮಿನಿಟು. ಈ ಅಂಕಿಗಳನ್ನು ನೋಡಿ ಮೇಲಿನ ಕಚೇರಿಯವರು ಎರಡು ಪುಟದ ಮೆಚ್ಚುಗೆಯ ಪತ್ರ ಬರೆದರು.

ಇಮಾಮಬಿಗೂ ಚೀಟಿ ಕೊಡಲಾಯಿತು. ಆಕೆ ಅದನ್ನು ವಕೀಲರಿಗೆ ತೋರಿಸಿದಳು, ಅವರು ಹೇಗೋ ಕಾಡಿ ಬೇಡಿ ಕೋರ್ಟಿನಿಂದ ಸೆಪ್ಟೆಂಬರ್ ಇಪ್ಪತ್ತೈದರ ತಾರೀಖು ತಂದರು. ಅದೇ ಕಡೆಯದು.

ಕಮರುದ್ದೀನ ಮಾತ್ರ ದಿನಾಲು ಹೊತ್ತು ಏರುವ ಮೊದಲೇ ಬಂದು ಒಂದೊಂದೇ ದಫ್ತರ ಬಿಚ್ಚಿ ನೋಡಿ ಮತ್ತೆ ಕಟ್ಟುತ್ತಿದ್ದ. ಇದಕ್ಕೆ ವೇಳಾಪುಸ್ತಕದಲ್ಲಿ ಕಲಂ ಇರಲಿಲ್ಲವಾದ್ದರಿಂದ ಅವನು ಏನೂ ಮಾಡುತ್ತಿಲ್ಲವೆಂದೇ ನಮೂದಾಯಿತು. ಆಗಸ್ಟ್ ಮೂವತ್ತಕ್ಕೆ, ಒಂದು ಸಾವಿರದ ಆರುನೂರನೆಯದೋ ಏನೋ, ಚಾಂದಬಿಯ ಬಕ್ಷೀಸಪತ್ರ ಸಿಕ್ಕಿತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೇರವಾಗಿ ರಾವಸಾಹೇಬರ ಮುಂದೆ ಒಯ್ದ.

ರಾವಸಾಹೇಬರು ಕಾಗದವನ್ನು ಮುಟ್ಟಲಿಲ್ಲ. ಅವರು ಕೆಟ್ಟವರಲ್ಲ. ಹತ್ತು ಅಂಕದ ನಿಯಮವನ್ನು ಇನ್ನೊಮ್ಮೆ ಓದಿಕೊಂಡರು.

“ಹಿಂಗ ಮಾಡೋಣ,” ಎಂದರು. “ಈಗ ಇದನ್ನ ಹೊಳ್ಳಿ ಇಡು. ಇಪ್ಪತ್ತೆರಡಕ್ಕ ತಪಾಸಣಿ ಮುಗೀಲಿ. ಇಪ್ಪತ್ಮೂರಕ್ಕ ಆಕಿ ಹೊಸಾ ಅರ್ಜಿ ಕೊಡ್ಲಿ. ನಾನ ಸಿಕ್ಕಾ ಒತ್ತಿ ಕೊಡ್ತೀನಿ. ಆತಿಲ್ಲೋ?”

“ಆತ್ರಿ,” ಎಂದ ಕಮರುದ್ದೀನ. ಇಪ್ಪತ್ತಮೂರಕ್ಕೆ ಬಾ ಎಂದು ಮುಗದಕ್ಕೆ ತಾನೇ ನಡೆದು ಹೋಗಿ ಹೇಳಿ ಬಂದ.

ತಪಾಸಣೆಯ ಮುಂಚಿನ ವಾರ ಕೋಣೆಗೆ ಸುಣ್ಣ ಹಚ್ಚುವುದಕ್ಕಾಗಿ ಎಲ್ಲ ದಫ್ತರಗಳನ್ನು ಮತ್ತೆ ಹೊರಗೆ ತೆಗೆದು ಮತ್ತೆ ಒಳಗಿಟ್ಟೆವು. ಯಾವುದು ಎಲ್ಲಿಗೆ ಹೋಯಿತೆಂದು ಯಾರೂ ನೋಡಲಿಲ್ಲ. ಕಮರುದ್ದೀನ ಒಂದಿಷ್ಟೂ ಗಾಬರಿಯಾದಂತೆ ಕಾಣಲಿಲ್ಲ. ಅದೇಕೆಂದು ನನಗೆ ಇಪ್ಪತ್ತೊಂದಕ್ಕೆ ತಿಳಿಯಿತು. ಆ ದಿನ ನನ್ನನ್ನು ಗಂಟು ನಿರೀಕ್ಷಕನೆಂದು ನೇಮಿಸಲಾಗಿತ್ತು. ಒಂದೇ ಒಂದು ಗಂಟು ತಪ್ಪಿದರೂ ಹತ್ತು ಅಂಕ ಹೋಗುತ್ತಿದ್ದವು, ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಎರಡನೆಯದಿತ್ತು. ಸಾಲು ಸಾಲಾಗಿ ನೋಡುತ್ತ ಬಂದೆ. ಕಿಟಕಿಯ ಪಕ್ಕದ ಸಾಲಿನಲ್ಲಿ, ಎದೆಯ ಎತ್ತರಕ್ಕೆ, ಒಂದು ದಫ್ತರಕ್ಕೆ ಎರಡು ಕಿವಿಗಳಿದ್ದವು. ಬಾಲ ಒಳಗೆ ಸಿಕ್ಕಿಸಿತ್ತು.

ಅದು ಯಾವ ಊರಿನ ಗಂಟೆಂದು ನನಗೆ ಗೊತ್ತಿತ್ತು. ಒಳಗೆ ಏನಿದೆ, ಅದನ್ನು ಹಾಗೆ ಯಾಕೆ ಕಟ್ಟಿದೆ ಎಂಬುದೂ ಗೊತ್ತಿತ್ತು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ನನಗೆ ನಾಚಿಕೆಯಾಯಿತು, ಆದರೆ ಅದನ್ನು ತುಂಬಲು ಕೋಷ್ಟಕದಲ್ಲಿ ಜಾಗವಿರಲಿಲ್ಲ. ಎರಡು ಕಿವಿಗಳನ್ನು ಬಿಚ್ಚಿ ಕಾರ್ಯಕ್ಷಮ ಗಂಟು ಹಾಕಿದೆ. ಮೂರು ಸೆಕೆಂಡು ಹಿಡಿಯಿತು. ಅದು ಬಹಳ ತೆಳ್ಳಗಿತ್ತು, ಜೋಡಣೆಯ ನಿಯಮದ ಪ್ರಕಾರ ಅಲ್ಲಿರತಕ್ಕದ್ದಲ್ಲ. ಆದ್ದರಿಂದ ಅದನ್ನು ತೆಗೆದು ಅಟ್ಟದ ಮೇಲಿನ ತೆಳ್ಳನೆಯವುಗಳ ರಾಶಿಯಲ್ಲಿ ಸೇರಿಸಿದೆ.

ತಪಾಸಣೆಯಲ್ಲಿ ನಮಗೆ ನೂರಕ್ಕೆ ನೂರು ಬಂದವು. ಹದಿನಾರೂ ಜನರಿಗೆ ಪ್ರಮಾಣಪತ್ರ, ನನಗೆ ಗಂಟಿನಲ್ಲಿ ಪ್ರಥಮ ಬಹುಮಾನ.

ಇಪ್ಪತ್ತಮೂರಕ್ಕೆ ಇಮಾಮಬಿ ಬಾಗಿಲು ತೆರೆಯುವ ಮೊದಲೇ ಬಂದು ಕೂತಿದ್ದಳು. ಕಮರುದ್ದೀನ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಒಳಗೆ ಹೋದ. ಬಾಯಿ ಕೆಂಪಾಗಿ, ಆ ಕೆಂಪು ಒಣಗಿ, ಮಧ್ಯಾಹ್ನವಾಗುವವರೆಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಆಕೆಯ ಕಡೆ ಹೋಗದೆ ನನ್ನ ಮೇಜಿನ ಮುಂದೆ ನಿಂತು ನನ್ನ ಕೈಗಳನ್ನು ನೋಡಿದ.

“ಗಿರಿಯಪ್ಪನವ್ರ, ನಿಮ್ಮ ಗಂಟು ಛಲೋ ಬೀಳತದ್ರಿ,” ಎಂದ. ಅರ್ಜಿ ಬಂದು ಐದು ಮಿನಿಟು ಎಂದೋ ಮೀರಿತ್ತಾದ್ದರಿಂದ ನಾನು ಲಗೂನ ಒಂದು ಚೀಟಿ ಹರಿದು ಇಮಾಮಬಿಗೆ ಕೊಟ್ಟೆ.

ಇಪ್ಪತ್ತೈದಕ್ಕೆ ಕೋರ್ಟಿನಲ್ಲಿ ನಮ್ಮ ಎರಡು ಚೀಟಿಗಳನ್ನು ದಾಖಲೆಯೆಂದು ತೆಗೆದುಕೊಳ್ಳಲಾಯಿತು. ನೂರಕ್ಕೆ ನೂರು ಪಡೆದ ಕಚೇರಿಯೇ ಎರಡು ಸಲ ‘ಸಿಗಲಿಲ್ಲ’ ಎಂದು ಅಚ್ಚು ಹಾಕಿ ಕೊಟ್ಟಿರುವಾಗ, ಅಂಥ ಕಾಗದ ಇತ್ತೆಂದು ನಂಬಲು ಕಾರಣವಿಲ್ಲವೆಂದು ತೀರ್ಪಾಯಿತು. ಗೌಸಮೊದ್ದೀನ ನಮ್ಮ ಕಚೇರಿಗೆ ಬಂದು, ಸರಕಾರಿ ಕೆಲಸ ಇಷ್ಟು ಚೊಕ್ಕಾಗಿ ನಡೆಯುವುದನ್ನು ತಾನು ಎಲ್ಲೂ ಕಂಡಿಲ್ಲವೆಂದು ಹೇಳಿ ಹೋದ. ಜಿಲ್ಲೆಯ ಉಳಿದ ಕಚೇರಿಗಳಿಗೂ ಈಗ ನಮ್ಮ ಪದ್ಧತಿಯೇ ಜಾರಿಯಾಗಿದೆ. ಏಕನಾಥರಾವ ಊರೂರು ತಿರುಗುತ್ತಿದ್ದಾನೆ. ಒಂಬತ್ತನೆಯ ಪಾಠ ದೀಪಾವಳಿಗೆ ಬಂತು. ಅದನ್ನು ಒಂದು ದಫ್ತರದಲ್ಲಿ ಕಟ್ಟಿಟ್ಟಿದ್ದೇವೆ, ಯಾವುದರಲ್ಲಿ ಎಂದು ಸದ್ಯಕ್ಕೆ ಹೇಳಲಾಗುವುದಿಲ್ಲ.

ಕಮರುದ್ದೀನ ಈಗ ಚೀಟಿ ಹರಿಯುವ ಕೆಲಸದಲ್ಲಿದ್ದಾನೆ. ಅವನ ಕಳೆದ ನಾಲ್ಕು ಅಂಕಗಳನ್ನು ತಿರುಗಿ ಕೊಡಲಾಗಿದೆ. ಮನೆ ಬಿಟ್ಟ ಇಮಾಮಬಿಗೆ ನಮ್ಮ ರಾವಸಾಹೇಬರೇ ಮನಸ್ಸು ಕರಗಿ ಕಚೇರಿಯಲ್ಲಿ ಕೆಲಸ ಕೊಟ್ಟರು. ಪಡಸಾಲೆಯ ಮೂಲೆಯಲ್ಲಿ ಕೂತು ದಫ್ತರಗಳಿಗೆ ಹೊಸ ಕೆಂಪು ಬಟ್ಟೆಯ ಅಂಚು ಹೊಲಿಯುತ್ತಾಳೆ. ಎಲ್ಲವೂ ಒಂದೇ ಅಳತೆಯವು. ಮೊನ್ನೆ ಹೇಗಿದೆ ಎಂದು ಕೇಳಿದೆ.

“ಛಲೋ ಐತ್ರಿ,” ಎಂದಳು ಸೂಜಿಯಿಂದ ಕಣ್ಣೆತ್ತದೆ. “ಮದಲ ನಾಳಿ ಬಾ, ನಾಡದ ಬಾ ಅಂತಿದ್ರಿ. ಈಗ ಬಂದವ್ರಿಗೆ ಬಂದಕೂಡ್ಲೆ ಇಲ್ಲಂತ ಹೇಳಿ ಕಳಸ್ತೀರಿ. ಮಂದಿ ಕಾಯೂದು ತಪ್ಪೇತಿ.”

ಆಕೆ ಹೊಲಿದ ಬಟ್ಟೆಗಳು ಅಟ್ಟದ ತೆಳ್ಳನೆಯವುಗಳವರೆಗೆ ಬಂದಿವೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುವುದು ನನ್ನ ಕೆಲಸ. ಈಗ ನನಗೆ ಎರಡೇ ಸೆಕೆಂಡು ಹಿಡಿಯುತ್ತದೆ.