ಮಂಚ ಬರುವವರೆಗಾದರೂ ಮೆಲ್ಲಗೆ ಮಾತಾಡಿ

ನಿಜಲಿಂಗಪ್ಪನವರ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ವಿರಾಜಮಾನರಾಗಿರುವ ಸೌಂಡ್ ಬಾಕ್ಸ್ ಅವರಿಗೆ,
ಧನಕವಡಿ, ಪುಣೆ.

ಮಾನ್ಯರೇ, ಫೋನಿನಲ್ಲಿ ದುಡ್ಡು ಬಂದೊಡನೆ ಮೊತ್ತ ಕೂಗುವ, ಸತ್ಯವನ್ನಲ್ಲದೆ ಬೇರೇನನ್ನೂ ನುಡಿಯದ, ನುಡಿಯುವುದನ್ನು ಮೆಲ್ಲಗೆ ನುಡಿಯಲು ಮಾತ್ರ ಬಾರದ ಮಹನೀಯರೇ,

ಮೊದಲಿಗೆ ಹೊಸ ಮದುವಣಗಿತ್ತಿಯ ತುಂಬು ನಮಸ್ಕಾರಗಳು. ನಾನು ಸ್ವರ್ಣಲತಾ, ಮೈಸೂರಿನವಳು, ತಮ್ಮ ನೆತ್ತಿಯ ಮೇಲಿನ ಎರಡನೇ ಮಹಡಿಯ ಮನೆಗೆ ಸೊಸೆಯಾಗಿ ಬಂದು ಇವತ್ತಿಗೆ ಎಪ್ಪತ್ತೊಂದು ದಿನ. ನನ್ನ ಗಂಡ ಸಂಜು ಜಗತ್ತಿನಲ್ಲೇ ಅತಿ ಮುದ್ದಾದ ಗಂಡ ಎಂಬುದು ಈ ದೂರಿಗೆ ಸಂಬಂಧಪಟ್ಟ ವಿಷಯವಲ್ಲವಾದರೂ ಎಲ್ಲಾದರೂ ಹೇಳಲೇಬೇಕಿತ್ತು, ಇಲ್ಲಿ ಹೇಳಿದ್ದೇನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಮರಾಠಿಯಲ್ಲಿ ದಾರಿ ಕೇಳಲೂ ಬಾರದ ನನಗೆ 'ಐಂಶೀ ರುಪಯೇ' ಎಂದರೆ ಎಂಬತ್ತು, 'ಸಾಠ' ಎಂದರೆ ಅರವತ್ತು ಎಂದು ಫೀಸಿಲ್ಲದೆ ಕಲಿಸಿದ ಗುರುಗಳು ತಾವು. ಆ ಋಣವಿದ್ದೂ ದೂರು ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ.

ನಮ್ಮ ಸಂಕಟ ಮಂಚದ್ದು. ಸಂಜು ಹೈಸ್ಕೂಲಿನಲ್ಲಿದ್ದಾಗ ಮಲಗುತ್ತಿದ್ದ ಒಂಟಿ ಮಂಚಕ್ಕೆ ಅತ್ತೆಯವರು ಅಟ್ಟದಿಂದ ಇಳಿಸಿಕೊಟ್ಟ ಇನ್ನೊಂದು ಒಂಟಿ ಮಂಚ ಜೋಡಿಸಿಕೊಂಡು ನಾವು ಸಂಸಾರ ನಡೆಸುತ್ತಿದ್ದೇವೆ. ಒಂದು ಇನ್ನೊಂದಕ್ಕಿಂತ ಮೂರು ಇಂಚು ಎತ್ತರ, ನಡುವಿನ ಕಂದಕ ಈವರೆಗೆ ಒಂದು ಫೋನು, ನಾಲ್ಕು ಹೇರ್‌ಕ್ಲಿಪ್ಪು ಮತ್ತು ಒಮ್ಮೆ ಭುಜದವರೆಗೆ ನನ್ನ ಕೈಯನ್ನು ನುಂಗಿದೆ. ಇಲ್ಲಿನ ಕ್ಯಾಂಪ್ ಪೇಟೆಯಲ್ಲಿ ತೇಗದ ಜೋಡಿ ಮಂಚವೊಂದನ್ನು ನೋಡಿ, ಅಂಗಡಿಯವನು ಕೆಮ್ಮುವವರೆಗೂ ಅದರ ಮೇಲೆ ಕುಳಿತು ಬಂದೆವು. ವಿಜಯಪುರದ ಕಡೆಯವರಾದ ನನ್ನ ಅತ್ತೆ ಸಾವಂತ್ರವ್ವನವರು ರೊಕ್ಕದ ವಿಷಯದಲ್ಲಿ ಭಾಳ ಖಡಕ್ಕು. "ಎರಡು ತಿಂಗಳು ಹಾಳ್ ಖರ್ಚು ಮಾಡಬ್ಯಾಡ್ರಿ, ಅರ್ಧಾ ರೊಕ್ಕ ನಾ ಹಾಕ್ತೀನಿ" ಎಂದರು. ನಾವಿಬ್ಬರೂ ಕೈಮೇಲೆ ಕೈಯಿಟ್ಟು ಆಣೆ ಮಾಡಿದೆವು. ಮೂರನೇ ದಿನ ನಾನು ಬಾಕರವಡಿಯೆಂಬ ಇಲ್ಲಿನ ಖಾರದ ತಿಂಡಿಯ ಪೊಟ್ಟಣ ಹಿಡಿದು ತಮ್ಮೆದುರು ನಿಂತಿದ್ದೆ.

ದಯವಿಟ್ಟು ತಪ್ಪು ತಿಳಿಯಬೇಡಿ, ಅದು ಖರ್ಚಲ್ಲ. ಬಸ್ ಸ್ಟಾಪಿನಿಂದ ಆಟೋ ಹತ್ತದೆ ನಡೆದು ಬಂದು ಅರವತ್ತು ರೂಪಾಯಿ ಉಳಿಸಿದ ಮೇಲೆ ಎಂಬತ್ತರ ಬಾಕರವಡಿಗೆ ನಿಜವಾಗಿ ಹೋದದ್ದು ಇಪ್ಪತ್ತೇ, ಮತ್ತು ಇಪ್ಪತ್ತನ್ನು ಈ ಕಾಲದಲ್ಲಿ ಯಾರೂ ದುಡ್ಡು ಎನ್ನುವುದಿಲ್ಲ. ಅಲ್ಲದೆ ನೋಟು ಕೈಬಿಡುವಾಗ ಹೊಟ್ಟೆ ಚುರ್ ಎನ್ನುತ್ತದೆ, ಫೋನು ಹಿಡಿದರೆ ಫೋಟೋ ತೆಗೆದಷ್ಟೇ ಹಗುರ. ಹೀಗೆ ಯಾರಿಗೂ ನೋವಾಗದಂತೆ ಮುಗಿದ ಕೆಲಸದ ಮೇಲೆ ತಾವು ಇಡೀ ಗಲ್ಲಿಗೆ ಕೇಳುವಂತೆ 'ಐಂಶೀ ರುಪಯೇ ಪ್ರಾಪ್ತ ಝಾಲೇ', ಎಂಬತ್ತು ಬಂತು, ಎಂದು ಸಾರುತ್ತೀರಲ್ಲ, ಅದು ಮರಗಟ್ಟಿಸಿ ಹಲ್ಲು ಕಿತ್ತ ಡಾಕ್ಟರು ಆ ಹಲ್ಲನ್ನು ಎತ್ತಿ ವೇಟಿಂಗ್ ರೂಮಿಗೆಲ್ಲ ತೋರಿಸಿದ ಹಾಗೆ.

ಅತ್ತೆಯವರು ದಿನವೂ ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಮೆಂತೆ ಬಿಡಿಸುವುದನ್ನು ನಾನು ಮೆಂತೆಯ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಕಳೆದ ವಾರ ಅವರು ಭಜನೆಗೆ ಹೋಗಿದ್ದ ಸಂಜೆ ಆ ಕುರ್ಚಿಯಲ್ಲಿ ನಾನು ಕುಳಿತೆ. "ಒಂದ್ ರೌಂಡ್ ವಾಕಿಂಗ್ ಹೋಗಿ ಬರ್ತೀನಿ" ಎಂದು ಸಂಜು ಇಳಿದು ಹೋದ ಎರಡೇ ನಿಮಿಷಕ್ಕೆ ತಾವು ನನ್ನ ಕಿವಿಯ ಪಕ್ಕದಲ್ಲೇ ನಿಂತವರಂತೆ 'ಸಾಠ ರುಪಯೇ' ಎಂದಿರಿ. ಬಗ್ಗಿ ನೋಡಿದರೆ ನನ್ನ ಮುದ್ದು ಗಂಡ ಚಾಕೊಬಾರಿನ ಕಾಗದ ಸುಲಿಯುತ್ತಿದ್ದಾನೆ! ಕೇಳಿದ್ದಕ್ಕೆ, "ಅದು ಕ್ಯಾಶ್‌ಬ್ಯಾಕಿನ ರೊಕ್ಕ, ಗಾಳಿಗೆ ಬಂದದ್ದು, ಅದನ್ನೇನ್ ಲೆಕ್ಕಕ್ಕ ಹಿಡೀತೀ?" ಎಂದ. ನನಗೆ ಸಿಟ್ಟು ಬರಬೇಕಿತ್ತು, ಅರ್ಧ ಚಾಕೊಬಾರು ನನಗೇ ಉಳಿಸಿ ತಂದಿದ್ದರಿಂದ ಬರಲಿಲ್ಲ. ಬಂದದ್ದು ಭಯ: ಆ ಕುರ್ಚಿಗೆ ಎಲ್ಲವೂ ಕೇಳುತ್ತದೆ.

ಅಂದುಕೊಂಡಂತೆಯೇ ಆಯಿತು. ಭಾನುವಾರ ಅತ್ತೆಯವರು ನಮ್ಮಿಬ್ಬರನ್ನೂ ಕೂಡಿಸಿಕೊಂಡು ತೀರ್ಪು ಕೊಟ್ಟರು: "ನಿಂದು ಇಪ್ಪತ್ತೆರಡು ಸಲ, ಇವಂದು ಹತ್ತೊಂಬತ್ತು. ಮಂಚದ ನಾಕೂ ಕಾಲು ತಿಂದು ಮುಗಿಸೀರಿ. ಹಲಿಗಿ ಉಳದದ, ಅದರ ಮ್ಯಾಲ ಮಲಕೊಳ್ರಿ." ಅರ್ಧ ರೊಕ್ಕ ರದ್ದಾಯಿತು, ಕಂದಕ ಉಳಿಯಿತು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳಿವೆ. ನಾನು ದುಡ್ಡು ಕೊಟ್ಟಾಗ ತಾವು 'ಸೊಸೆ ಬೆಲೆ ಕೇಳಿ, ಛೇ ಎಂದು ವಾಪಸ್ ಹೋದಳು' ಎಂದು ಘೋಷಿಸಬೇಕು. ಸುಳ್ಳು ಹೇಳಲು ಆತ್ಮಸಾಕ್ಷಿ ಒಪ್ಪದಿದ್ದರೆ ಮೊತ್ತವನ್ನು ಫ್ರೆಂಚಿನಲ್ಲಿ ಹೇಳಬೇಕು, ಎಂಟನೇ ಕ್ಲಾಸಿನಿಂದ ನಾನು ಕಲಿತದ್ದು ಕೊನೆಗೂ ಉಪಯೋಗಕ್ಕೆ ಬರಲಿ. ಸಂಜು ಬಂದರೆ ಎರಡು ಸಲ, ಹೆಸರು ಹಿಡಿದು ಹೇಳಬಹುದು. ಇವೆಲ್ಲ ಆಗದಿದ್ದರೆ ಒಂದನ್ನಾದರೂ ನಡೆಸಿಕೊಡಿ: ದುಡ್ಡು ಹೋದ ಮೇಲೆ ಊರಿಗೆಲ್ಲ ಸಾರುವ ಬದಲು, ನಾನು ಫೋನು ಎತ್ತುವ ಮೊದಲೇ, ನನಗೊಬ್ಬಳಿಗೇ ಕೇಳುವಂತೆ, 'ಮಂಚ, ಸ್ವರ್ಣಾ, ಮಂಚ' ಎಂದು ಪಿಸುಗುಟ್ಟಿ. ಇಷ್ಟು ದಿನ ನನ್ನೊಳಗಿನಿಂದ ಯಾರೂ ಹಾಗೆ ಹೇಳಲಿಲ್ಲ.

ತಮ್ಮ ದನಿಗೆ ಬೆಚ್ಚಿಬಿದ್ದೂ ನಾಳೆ ಮತ್ತೆ ತಮ್ಮೆದುರು ನಿಲ್ಲಲಿರುವ ವಿಶ್ವಾಸಿ,
ಸ್ವರ್ಣಲತಾ

ತಾ.ಕ.: ನಿನ್ನೆ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ಸಂಜು ಆಫೀಸಿನಲ್ಲಿದ್ದ. ನಾಲ್ಕು ಗಂಟೆಗೆ ತಾವು 'ನವ್ವದ ರುಪಯೇ' ಎಂದಿರಿ, ಅಂದರೆ ತೊಂಬತ್ತು. ನಮ್ಮಿಬ್ಬರಿಗೂ ಮೀರಿದ ಮೊತ್ತ. ಬಾಲ್ಕನಿಯ ಕುರ್ಚಿಯಲ್ಲಿ ಮೆಂತೆ ಮಾತ್ರ ಇತ್ತು. ಕೆಳಗೆ, ಅಂಗಡಿಯ ಸ್ಟೂಲಿನ ಮೇಲೆ, ಹತ್ತರ ನೋಟನ್ನೂ ಮೂರು ಸಲ ತಿರುವಿ ನೋಡಿ ಕೊಡುವ, ದಿನವೂ ಮೆಂತೆ ಬಿಡಿಸುವ ಅದೇ ಕೈ ಒಂದು ಕೇಸರಿ ಪಿಸ್ತಾ ಐಸ್‌ಕ್ರೀಮಿನ ತಳ ಕೆರೆಯುತ್ತಿತ್ತು. ಪಕ್ಕದಲ್ಲಿ, ಸಂಜು ಕಳೆದ ತಿಂಗಳು ಅತ್ತೆಯವರಿಗೆ ದುಡ್ಡು ಕಳಿಸುವುದನ್ನು ಕಲಿಸಿಕೊಟ್ಟ ಫೋನು. ಇಷ್ಟನ್ನು ಬರೆದು, ಈ ಪತ್ರದ ಒಂದು ಪ್ರತಿಯನ್ನು ಅತ್ತೆಯವರ ಕನ್ನಡಕದ ಕೆಳಗೆ ಇಟ್ಟಿದ್ದೆ. ಅದು ಈಗಷ್ಟೇ ಮರಳಿ ಬಂದಿದೆ, ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹೀಗಿದೆ: "ಯವ್ವಾ, ನನ್ನ ಸಂಚಿಯೊಳಗಿನ ನೋಟು ಒಂದೂ ಕಮ್ಮಿ ಆಗಿಲ್ಲ. ಅಂದಮ್ಯಾಲ ಅದು ಖರ್ಚು ಹ್ಯಾಂಗ ಆಗ್ತದ? ಐತವಾರ ಕ್ಯಾಂಪಿಗೆ ಹೋಗಿ ಮಂಚ ತರೂಣು. ಐಸ್‌ಕ್ರೀಮಿನ ಸುದ್ದಿ ಸಂಜೂಗ ಹೇಳಬ್ಯಾಡ."