ನೆಲಮಾಳಿಗೆಯೂ ಹತ್ತೊಂಬತ್ತು ತೆಂಗಿನಕಾಯಿಗಳೂ

"ಬರುವ ಮೇ ತಿಂಗಳೊಳಗೆ ಈ ಮನೆಯ ಅಡಿಯಲ್ಲಿ ನೆಲಮಾಳಿಗೆ ಕಟ್ಟಿಸದಿದ್ದರೆ ನನ್ನ ಹೆಸರು ಸ್ಟ್ಯಾನಿಸ್ಲಾಸ್ ಅಲ್ಲ!"

೧೯೫೮ರ ಮೇ ತಿಂಗಳಲ್ಲಿ, ಕಾರ್ಕಳದ ತನ್ನ ಮನೆಯ ಜಗಲಿಯಲ್ಲಿ ನಿಂತು ಅವನು ಹೀಗೆ ಘೋಷಿಸಿದಾಗ ಹನ್ನೊಂದು ಜನ ಕೇಳಿಸಿಕೊಂಡರು. ಆ ಮನೆಯಲ್ಲಿ ಯಾರು ಏನು ಪಿಸುಗುಟ್ಟಿದರೂ ಹನ್ನೊಂದು ಜನ ಕೇಳಿಸಿಕೊಳ್ಳುತ್ತಿದ್ದರು. ಅವನ ಕಷ್ಟವೇ ಅದು!

ಬೊಂಬಾಯಿಯ ಹಡಗು ಕಂಪನಿಯಲ್ಲಿ ಗುಮಾಸ್ತಿಕೆ, ವರ್ಷಕ್ಕೆ ಒಂದೇ ತಿಂಗಳು ರಜೆ. ಮದುವೆಯಾಗಿ ಆರು ವರ್ಷ, ಸಂಸಾರ ಮಾಡಿದ್ದು ಆರು ತಿಂಗಳು. ಅದರಲ್ಲೂ ರಾತ್ರಿ ಗಂಡಸರಿಗೆಲ್ಲ ಜಗಲಿ, ಹೆಂಗಸರಿಗೆಲ್ಲ ಒಳಕೋಣೆ. ಹಗಲು ಹೆಂಡತಿ ಎಸ್ತರಳ ಹತ್ತಿರ ಎರಡು ಮಾತಾಡೋಣವೆಂದರೆ ನಡುವೆ ತಾಯಿ, ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು. ಊರಿನಿಂದ ಬರುವ ಪತ್ರಗಳನ್ನೂ ದೊಡ್ಡಣ್ಣನೇ ಬರೆಯುತ್ತಿದ್ದ. ದನ ಕರು ಹಾಕಿದ ಸುದ್ದಿಗೆ ಅರ್ಧ ಪುಟ, ಕೊನೆಯಲ್ಲಿ "ಎಸ್ತರ್ ಸೌಖ್ಯ." ಆ ಎರಡು ಶಬ್ದಗಳನ್ನೇ ಅವನು ತಿಂಗಳಿಡೀ ಓದುತ್ತಿದ್ದ.

ಬೊಂಬಾಯಿಯಲ್ಲಿ ಅವನು ಕೂರುತ್ತಿದ್ದದ್ದು ಆಫೀಸಿನ ನೆಲಮಾಳಿಗೆಯಲ್ಲಿ, ಹಳೆಯ ಕಡತಗಳ ನಡುವೆ. ತಂಪೋ ತಂಪು! ಇಣುಕಿ ನೋಡಲು ಒಂದು ನರಪಿಳ್ಳೆಯೂ ಬರುವುದಿಲ್ಲ. 'ಇಲ್ಲಿ ಎಸ್ತರ್ ಇದ್ದಿದ್ದರೆ!' ಎಂದು ಹನ್ನೊಂದು ತಿಂಗಳೂ ಅವನ ಜೀವ ಹಂಬಲಿಸುತ್ತಿತ್ತು. ಯೋಜನೆ ಹುಟ್ಟಿದ್ದು ಅಲ್ಲೇ.

ಪಂಚಾಯತ್ ಆಫೀಸಿನ ಗುಮಾಸ್ತ ಉಮಾನಾಥರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಊರಿನವರೆಲ್ಲರಂತೆ ಅವರೂ ಕ್ರೈಸ್ತರನ್ನು ಗೌರವದಿಂದ 'ಪೊರ್ಬು' ಎನ್ನುವವರು.

"ಪೊರ್ಬುಗಳೇ, ಮೇಲೆ ಮಾಳಿಗೆ ಕಟ್ಟುವವರನ್ನು ಕಂಡಿದ್ದೇನೆ. ಕೆಳಗೆ ಎಂತಕ್ಕೆ?"

"ಬೊಂಬಾಯಿಯಲ್ಲಿ ಉಂಟು."

"ಬೊಂಬಾಯಿಯಲ್ಲಿ ಟ್ರಾಮೂ ಉಂಟು ಮಾರಾಯ್ರೆ! ಇಲ್ಲಿ 'ಉದ್ದೇಶ' ಅಂತ ಒಂದು ಜಾಗ ಖಾಲಿ ಬಿಟ್ಟಿದ್ದೀರಿ. ಅದನ್ನು ತುಂಬಿಸದೆ ಪರವಾನಗಿ ಸಿಗುವುದಿಲ್ಲ."

'ಹೆಂಡತಿಯೊಡನೆ ಮಾತನಾಡಲು' ಎಂದು ಬರೆದರೆ ಅಧ್ಯಕ್ಷರು ರುಜು ಹಾಕಿಯಾರೇ? ಸ್ಟ್ಯಾನಿಸ್ಲಾಸ್ ಬೆವರು ಒರೆಸಿಕೊಂಡು ಬರೆದ: 'ಮನೆಯವರೆಲ್ಲರ ಅನುಕೂಲಕ್ಕಾಗಿ.'

ಮೇಸ್ತ್ರಿ ಫೌಸ್ಟಿನ್ ಮೀಸೆ ತಿರುವಿ ಭರವಸೆ ಕೊಟ್ಟ. "ಅಗೆದ ಕೆಂಪು ಮುರಕಲ್ಲೇ ಗೋಡೆಗೆ ಆಗ್ತದೆ. ಆರುನೂರು ರೂಪಾಯಿಗೆ ಮುಗಿಸಿ ಕೊಡ್ತೇನೆ!"

ಮುರಕಲ್ಲು ಐದಡಿಗೇ ಮುಗಿಯಿತು. ಅದರಡಿ ಕಾರ್ಕಳದ ಅಸಲಿ ಕರಿಬಂಡೆ! ಬೊಂಬಾಯಿಗೆ ಪತ್ರಗಳು ಹೊರಟವು. "ಬಂಡೆ ಸಿಕ್ಕಿದೆ, ಇನ್ನೂರು ಕಳುಹಿಸು. ಎಸ್ತರ್ ಸೌಖ್ಯ." "ಬಂಡೆ ಒಡೆದಿದೆ, ಅದರಡಿ ಇನ್ನೊಂದು ಬಂಡೆ, ಮುನ್ನೂರು ಕಳುಹಿಸು. ಎಸ್ತರ್ ಸೌಖ್ಯ." ಸ್ಟ್ಯಾನಿಸ್ಲಾಸ್ ಟ್ರಾಮ್ ಬಿಟ್ಟು ನಡೆದ, ಸಿಗರೇಟು ಬಿಟ್ಟ, ಮದುವೆಯ ವಾಚು ಮಾರಿದ. ಖರ್ಚು ಸಾವಿರದ ಇನ್ನೂರು ದಾಟಿದಾಗ ನೆಲಮಾಳಿಗೆ ಮುಗಿಯಿತು.

ಮರುವರ್ಷ ಅವನು ಒಂದು ಹೊಸ ಚಾಪೆ, ಒಂದು ಹಿತ್ತಾಳೆಯ ಬೀಗ ಹಿಡಿದು ಬಂದಿಳಿದ. ಮೊದಲು ಮೆಟ್ಟಿಲಿಳಿದದ್ದು ತಾಯಿ.

"ಅಯ್ಯೋ ಪುತಾ, ಎಂತ ತಂಪು! 'ಮನೆಯವರೆಲ್ಲರ ಅನುಕೂಲಕ್ಕೆ' ಅಂತ ಅರ್ಜಿಯಲ್ಲಿ ನೀನು ಬರೆದದ್ದನ್ನು ದೊಡ್ಡವನು ಓದಿ ಹೇಳಿದಾಗ ನನಗೆ ಕಣ್ಣೀರೇ ಬಂತು!" ಎನ್ನುತ್ತ ಹೊಸ ಚಾಪೆಯ ಮೇಲೆ ಮಲಗಿಯೇಬಿಟ್ಟರು.

ಬೀಗ ಜೇಬಿನಲ್ಲೇ ಉಳಿಯಿತು. ಮರುದಿನ ಊಟವಾದದ್ದೇ ತಡ, ಅಣ್ಣಂದಿರು ಇಳಿದರು, ಅತ್ತಿಗೆಯರು ಇಳಿದರು, ಮಕ್ಕಳು ಉರುಳಿದರು. ಸ್ಟ್ಯಾನಿಸ್ಲಾಸನೂ ಒಂದು ಮೂಲೆ ಹಿಡಿದು ಕಾವಲು ಕೂತ. 'ಇವರೆಲ್ಲ ಎದ್ದು ಹೋಗಲಿ, ಆಮೇಲೆ ಎಸ್ತರಳನ್ನು ಕರೆಯುತ್ತೇನೆ.' ಯಾರು ಏಳುತ್ತಾರೆ? ಬಿಸಿಲು ಇಳಿಯುವವರೆಗೆ ಗೊರಕೆಯ ಮೇಳ! ದಿನಗಳು ಒಂದೊಂದಾಗಿ ಉದುರುತ್ತಿದ್ದವು.

ಸಾಲದ್ದಕ್ಕೆ ಹೆಚ್ಚುಕಡಿಮೆ ದಿನಾ ಅದೇ ಹೊತ್ತಿಗೆ ಮೆಟ್ಟಿಲ ಮೇಲಿನಿಂದ ಎಸ್ತರಳ ದನಿ.

"ಕೇಳಿತಾ? ಸ್ವಲ್ಪ ಮೇಲೆ ಬನ್ನಿ, ಒಂದು ತೆಂಗಿನಕಾಯಿ ಸುಲಿದು ಕೊಡಿ."

ಎದ್ದರೆ ಮೂಲೆ ಹೋಯಿತು! "ಇಲ್ಲಿಗೇ ಕಳುಹಿಸು!" ಎಂದು ಅವನು ಕೂಗುತ್ತಿದ್ದ. ಅತ್ತಿಗೆ ಆನಿ ಗೊಣಗುತ್ತ ಎದ್ದು ಮೇಲೆ ಹೋಗಿ ಕಾಯಿ ತಂದುಕೊಡುವಳು. ಇವನು ಕತ್ತಿಯಲ್ಲಿ ಸುಲಿದು ಅವಳ ಕೈಯಲ್ಲೇ ಮೇಲೆ ಕಳುಹಿಸುವನು. ಮೂಲೆ ಬಿಡಲಿಲ್ಲ!

ಕೊನೆಯ ದಿನ ಬಂತು. ಟ್ರಂಕಿಗೆ ಬಟ್ಟೆ ತುಂಬಲೆಂದು ಅವನು ಮಧ್ಯಾಹ್ನ ಮೊದಲ ಸಲ ಮೇಲೆ ಹತ್ತಿದ. ಜಗಲಿ ಖಾಲಿ. ಒಳಕೋಣೆ ಖಾಲಿ. ಇಡೀ ಮನೆಯಲ್ಲಿ ಒಂದು ಸದ್ದಿಲ್ಲ. ಅಡುಗೆಮನೆಯಲ್ಲಿ ಎಸ್ತರ್ ಒಬ್ಬಳೇ ಕೂತಿದ್ದಳು. ಮುಂದೆ ಎರಡು ಗ್ಲಾಸು ಕಾಫಿ, ಹಿಂದೆ ಗೋಡೆಗೆ ಸಾಲಾಗಿ ಸುಲಿದ ತೆಂಗಿನಕಾಯಿಗಳು.

"ಇಷ್ಟೊಂದು ಎಂತಕ್ಕೆ? ಸಾರಿಗೆ ಹಾಕಲಿಲ್ಲವಾ?"

"ಹತ್ತೊಂಬತ್ತು ಉಂಟು," ಎಂದಳು ಎಸ್ತರ್. ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆ. "ಕಾಯಿ ಸುಲಿಯಲಿಕ್ಕೆ ನನಗೆ ಬರುವುದಿಲ್ಲವಾ? ಎಲ್ಲರೂ ಕೆಳಗೆ, ಮೇಲೆ ನಾನೊಬ್ಬಳೇ. ಅಷ್ಟು ಜನರ ಎದುರು ಇನ್ನು ಹೇಗೆ ಕರೆಯುವುದು?"

ಸಾವಿರದ ಇನ್ನೂರು ಸುರಿದು ಅವನು ಬಂಡೆ ಒಡೆಸಿದ್ದ. ಹದಿಮೂರು ಮೆಟ್ಟಿಲು ಹತ್ತಿರಲಿಲ್ಲ.

"ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಉಂಟು," ಎಂದಳು ಅವಳು, ಮೆಲ್ಲನೆ. "ಕೂತುಕೊಳ್ಳಿ."

ಅವನು ಕೂತ. ಆರಿದ ಕಾಫಿಯನ್ನು ಬಾಯಿಗಿಡುವಷ್ಟರಲ್ಲಿ ನೆಲದಡಿಯಿಂದ ತಾಯಿಯ ದನಿ ಮೇಲೆ ಬಂತು.

"ಸ್ಟ್ಯಾನೀ! ಮೇಲೆ ಎಂತ ಮಾಡ್ತಿ? ಸೆಕೆ ಉಂಟು, ಕೆಳಗೆ ಬಾ ಪುತಾ!"

ಸ್ಟ್ಯಾನಿಸ್ಲಾಸ್ ಎಸ್ತರಳ ಕೈ ಹಿಡಿದುಕೊಂಡೇ ಕೂಗಿದ.

"ತೆಂಗಿನಕಾಯಿ ಸುಲಿಯುತ್ತಿದ್ದೇನೆ ಮಾಂಯ್! ತುಂಬ ಉಂಟು!"