ನಾನು ತಿದ್ದಿದ ಕುಡಿಕೆ

ಮೂವತ್ತನಾಲ್ಕು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ನಿವೃತ್ತಿಯಾದ ಮೇಲೆ ತಿದ್ದಲು ಉಳಿದವಳು ಹೆಂಡತಿ ಒಬ್ಬಳೇ. ಅವಳು ಮಡಚಿದ ಬಟ್ಟೆಯನ್ನು ಮತ್ತೆ ಮಡಚುತ್ತೇನೆ, ಅವಳು ಹೇಳುವ ಕಥೆಯಲ್ಲಿ ತಾರೀಖು ಸರಿಪಡಿಸುತ್ತೇನೆ. (ಇಷ್ಟಾದರೂ ನಲವತ್ತು ವರ್ಷ ಜೊತೆಗಿದ್ದಾಳೆ. ಮೆಚ್ಚಬೇಕು, ನನ್ನನ್ನಲ್ಲ.)

ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಮಾತು ಬಂತು, ನಡಿಗೆ ಬಂತು. ಬಲಗೈ ಹೆಬ್ಬೆರಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಗುಂಡಿ ಹಾಕಲು, ಬೀಗ ತೆಗೆಯಲು ನನ್ನನ್ನೇ ಕರೆಯಬೇಕು. ಕರೆದು, ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದಳು.

"ಜೇಡಿಮಣ್ಣು ಹಿಸುಕಲಿ, ಬಲ ಬರಬಹುದು" ಎಂದರು ಡಾಕ್ಟರು. ಸರಿ, ಶನಿವಾರದ ಕುಂಬಾರಿಕೆ ತರಗತಿಗೆ ಇಬ್ಬರೂ ಸೇರಿದೆವು. ಅವಳು ಚಿಕಿತ್ಸೆಗೆ, ನಾನು ಮೇಲ್ವಿಚಾರಣೆಗೆ.

"ಮೊದಲು ಮಣ್ಣನ್ನ ಚೆನ್ನಾಗಿ ನಾದಿ, ಒಳಗೆ ಗಾಳಿ ಉಳಿದರೆ ಸುಡುವಾಗ ಒಡೆಯುತ್ತೆ" ಎಂದರು ಟೀಚರಮ್ಮ. "ಆಮೇಲೆ ಉಂಡೆ ಮಾಡಿ, ನಡುವೆ ಹೆಬ್ಬೆರಳು ಒತ್ತಿ, ತಿರುಗಿಸ್ತಾ ತಿರುಗಿಸ್ತಾ ಗೋಡೆ ಎಬ್ಬಿಸಿ."

ಇವಳು ಎಡಗೈಯಲ್ಲೇ ಒದ್ದಾಡಿದಳು. ಐದನೇ ಶನಿವಾರ ಒಂದು ಕುಡಿಕೆಯೇನೋ ಎದ್ದಿತು. ಆದರೆ ಬಾಯಿ ಸೊಟ್ಟ, ಹೊಟ್ಟೆಯ ಮೇಲೊಂದು ಗುಳಿ. ನನ್ನ ಕುಡಿಕೆಯೋ, ಅಂಗಡಿಯಲ್ಲಿಟ್ಟರೆ ಯಾರಾದರೂ ಕೊಳ್ಳಬೇಕು, ಹಾಗಿತ್ತು.

"ರೀ, ಒಂದು ವಿಷಯ... ತಾಳಿ, ಬಂದು ಹೇಳ್ತೀನಿ" ಎಂದವಳೇ ಎದ್ದು ಆಚೆ ಹೋದಳು. ನನಗೆ ಆ ಗುಳಿಯನ್ನು ನೋಡಿಕೊಂಡು ಕೂರಲಾಗಲಿಲ್ಲ. ಒದ್ದೆ ಸ್ಪಂಜು ತೆಗೆದುಕೊಂಡೆ. ಎರಡೇ ನಿಮಿಷ, ಬಾಯಿ ನೆಟ್ಟಗಾಯಿತು, ಗುಳಿ ಮಾಯ. ಪ್ರೀತಿಯಿಂದಲೇ ಮಾಡಿದ್ದು, ನನ್ನಾಣೆಗೂ.

ಅವಳು ಟೀಚರಮ್ಮನ ಕೈ ಹಿಡಿದು ಎಳೆದುಕೊಂಡೇ ಬಂದಳು. "ನೋಡಿ, ಇಲ್ಲೇ..." ಎಂದು ಬಗ್ಗಿದವಳು ಹಾಗೇ ನಿಂತಳು.

"ರೀ, ಇಲ್ಲೊಂದು ಗುಳಿ ಇತ್ತಲ್ಲ?"

"ಇತ್ತು ಕಣೇ. ಸರಿಮಾಡಿದೆ" ಎಂದೆ, ಎದೆಯುಬ್ಬಿಸಿ.

"ಅದು ನನ್ನ ಹೆಬ್ಬೆರಳು ಒತ್ತಿದ್ದು. ಬಲಗೈದು. ಹನ್ನೊಂದು ತಿಂಗಳಿಗೆ ಮೊದಲನೇ ಸಲ."

ಸ್ಪಂಜನ್ನು ಬೆನ್ನ ಹಿಂದೆ ಬಚ್ಚಿಟ್ಟೆ. "ಇನ್ನೊಂದು ಸಲ ಒತ್ತಿಬಿಡೇ..."

"ಮತ್ತೆ ಬರುತ್ತೋ ಇಲ್ಲವೋ ಯಾರಿಗೆ ಗೊತ್ತು? ಇದ್ದಿದ್ದು ಅದೊಂದು ಗುರುತು. ಅದನ್ನೂ ಅಳಿಸಿಬಿಟ್ರಲ್ರೀ!" ಅವಳ ಕಣ್ಣು ತುಂಬಿತು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ.

ಅವಳು ನನ್ನ ಕುಡಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಲ ಹೆಬ್ಬೆರಳನ್ನು ಅದರ ಹೊಟ್ಟೆಗೆ ಇಟ್ಟಳು. ಬೆರಳು ನಡುಗಿತು. ಮೂವರೂ ಉಸಿರು ಬಿಗಿಹಿಡಿದೆವು. ನಿಧಾನವಾಗಿ ಮಣ್ಣು ತಗ್ಗಿತು. ಬೆರಳು ಗೋಡೆ ತೂರಿ ಒಳಗೆ ಹೋಯಿತು.

"ಬಂತು!" ಟೀಚರಮ್ಮ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸ್ಪಂಜಿನ ನೀರು ಮುಖಕ್ಕೆ ಸಿಡಿಯಿತು.

ಇವಳು ಅಳುತ್ತಲೇ ನಕ್ಕು, ಪಕ್ಕದಲ್ಲಿ ಇನ್ನೊಂದು ತೂತು ಮಾಡಿದಳು. ಆಮೇಲೆ ಮತ್ತೊಂದು. ನಾಲ್ಕನೆಯದಕ್ಕೆ ನನ್ನ ಕುಡಿಕೆ ಕುಸಿದು ಕೂತಿತು.

"ರೀ, ಇನ್ನೊಂದು ಮಾಡಿಕೊಡಿ" ಎಂದಳು. "ಈ ಸಲ ಗೋಡೆ ದಪ್ಪ ಇರಲಿ."

ನಾನು ತೆಪ್ಪಗೆ ಮಣ್ಣು ನಾದಲು ಕೂತೆ.